ಬರ್ತಾ ಬಾಯಿಯ ಹೊಟ್ಟೆ ಮತ್ತು ಅತ್ತೂರಿನ ಹರಕೆ

ಶಂಕರಪುರದ ಬರ್ತಾ ಬಾಯಿಯ ಹೊಟ್ಟೆಯನ್ನು ಹೊಗಳಿದ ಮೊದಲ ಮನುಷ್ಯ ಬಾಗಲಕೋಟೆ ಕಡೆಯ ಒಬ್ಬ ಡಾಕ್ಟರು. ಅದುವರೆಗಿನ ಐವತ್ತೊಂದು ವರ್ಷಗಳಲ್ಲಿ ಆ ಹೊಟ್ಟೆಗೆ ಬೈಗುಳವಲ್ಲದೆ ಬೇರೇನೂ ಸಿಕ್ಕಿರಲಿಲ್ಲ. ಟೈಲರ್ ಬೈದಿದ್ದ, ಅತ್ತೆ ಝೀಟಾ ಬಾಯಿ ಬೈದಿದ್ದರು, ಮೊಗ್ಗು ಕೊಯ್ಯಲು ಬಗ್ಗಿದಾಗೆಲ್ಲ ಅಡ್ಡ ಬರುತ್ತದೆಂದು ಬರ್ತಾ ತಾನೇ ದಿನಾ ಬೆಳಿಗ್ಗೆ ಮಲ್ಲಿಗೆ ಗಿಡಗಳ ನಡುವೆ ನಿಂತು ಬೈಯುತ್ತಿದ್ದಳು. ಮಣಿಪಾಲದ ಆಸ್ಪತ್ರೆಯಲ್ಲಿ ಪರದೆಯ ಹಿಂದೆ ಡಾಕ್ಟರ್ ಸಂಗಮೇಶ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಸಂತೆಯಲ್ಲಿ ಒಳ್ಳೆಯ ಕುಂಬಳಕಾಯಿ ಸಿಕ್ಕವರ ಹಾಗೆ ತಲೆದೂಗಿದರು.

"ಭಾಳ ಚಲೋ ಹೊಟ್ಟಿ ಐತ್ರಿ, ಬಾಯಾರ," ಅಂದರು. "ಇದನ್ನ ಹಿಂಗ ಇಟ್ಕೊಂಡು ಬರ್ರಿ. ಇದರಾಗಿಂದನ ನಿಮಗ ಎದಿ ಮಾಡಿ ಕೊಡ್ತೀನಿ."

ಅದು ಎರಡು ಸಾವಿರದ ಮೂರನೆಯ ಇಸವಿಯ ಫೆಬ್ರವರಿ. ಅದಕ್ಕೆ ಎರಡು ವರ್ಷ ಮೊದಲು ಕ್ಯಾನ್ಸರ್ ಎಂದು ಬರ್ತಾಳ ಬಲಗಡೆಯ ಮೊಲೆಯನ್ನು ಪೂರ್ತಿ ತೆಗೆದಿದ್ದರು. ಸುದ್ದಿ ತಿಳಿದ ಕೂಡಲೇ ಊರಿನ ಹೆಂಗಸರೆಲ್ಲ ಅಳಲು ಬಂದಿದ್ದರು, ಅವರಿಗೆಲ್ಲ ಕಾಫಿ ಮಾಡಿಕೊಟ್ಟವಳು ಬರ್ತಾಳೇ. ಮದ್ದಿಗೆ ಕೂದಲು ಉದುರಿತು, ರೇಡಿಯೇಶನ್ ಕರೆಂಟಿಗೆ ಎದೆಯ ಚರ್ಮ ಕಪ್ಪಾಯಿತು, ಮತ್ತೆ ಕೂದಲು ಗುಂಗುರಾಗಿ ಹುಟ್ಟಿತು. ರೋಗ ಹೋಯಿತು, ಬರ್ತಾ ಉಳಿದಳು. ಅಷ್ಟರ ಮಟ್ಟಿಗೆ ದೇವರ ಹತ್ತಿರ ಅವಳದ್ದು ಯಾವ ತಕರಾರೂ ಇರಲಿಲ್ಲ.

ತಕರಾರು ಇದ್ದದ್ದು ಸಾಸಿವೆಯ ಹತ್ತಿರ.

ರವಕೆಯ ಒಂದು ಕಡೆ ಖಾಲಿ ಬಿಟ್ಟು ಇಗರ್ಜಿಗೆ ಹೋಗುವುದು ಹೇಗೆ? ಮೊದಲು ಹತ್ತಿ ತುಂಬಿ ನೋಡಿದಳು. ಕೈ ಎತ್ತಿದಾಗೆಲ್ಲ ಅದು ಹಗುರವಾಗಿ ಗಂಟಲ ಕಡೆಗೆ ಹತ್ತುತ್ತಿತ್ತು. ಭಾರ ಬೇಕು ಎಂದು ಹೊಳೆದು, ಹಳೆಯ ಲಂಗದ ಬಟ್ಟೆಯಲ್ಲಿ ದುಂಡಗಿನ ಚೀಲ ಹೊಲಿದು ಅದರೊಳಗೆ ಸಾಸಿವೆ ತುಂಬಿದಳು. ಉಪಾಯ ಚೆನ್ನಾಗಿಯೇ ಇತ್ತು. ನಾದಿನಿಯ ಮಗಳ ಮದುವೆಯ ತನಕ ಚೆನ್ನಾಗಿಯೇ ಇತ್ತು.

ಅಲ್ಲಿನ ಕ್ರೈಸ್ತರ ಮದುವೆಗಳಲ್ಲಿ ಊಟವೆಲ್ಲ ಮುಗಿದ ಮೇಲೆ ಕೊನೆಗೊಂದು ಶಾಸ್ತ್ರವಿದೆ. ಮದುಮಗಳನ್ನು ಗಂಡಿನ ಕಡೆಯವರ ಕೈಗೆ ಒಪ್ಪಿಸುವುದು, ಕೊಂಕಣಿಯಲ್ಲಿ ಒಪ್ಸುಣಿ ಎನ್ನುತ್ತಾರೆ. ತಾಯಿ, ಚಿಕ್ಕಮ್ಮ, ಅತ್ತೆ ಎಲ್ಲರೂ ಹುಡುಗಿಯನ್ನು ತಬ್ಬಿ ಒಂದು ಪಾಲು ಅತ್ತು ಬಿಟ್ಟುಕೊಡಬೇಕು. ಬರ್ತಾ ಯಾವುದನ್ನೂ ಅರ್ಧ ಮಾಡುವವಳಲ್ಲ. ಹುಡುಗಿಯನ್ನು ಅಷ್ಟು ಬಿಗಿಯಾಗಿ ಅಪ್ಪಿದಳೆಂದರೆ ಚೀಲದ ಹೊಲಿಗೆ ಬಿಟ್ಟಿತು. ಸೀರೆಯ ಒಳಗಿಂದ ಸಾಸಿವೆ ಸೊರಸೊರ ಸುರಿದು ಹಾಲ್‌ನ ಮೊಸಾಯಿಕ್ ನೆಲದ ಮೇಲೆ ನಾಲ್ಕೂ ದಿಕ್ಕಿಗೆ ಉರುಳಿತು. ಯಾರಿಗೂ ತಲೆಬುಡ ತಿಳಿಯಲಿಲ್ಲ. ನಾದಿನಿಯ ಗಂಡ ಲಿಯೋನೆಲ್ ಅಡುಗೆಯವನನ್ನು ಕರೆದು, ಮಂಟಪದ ತನಕ ಸಾಸಿವೆ ಚೆಲ್ಲಿದ್ದೀಯಲ್ಲ ಎಂದು ಎಲ್ಲರೆದುರು ಗದರಿದ. ಬರ್ತಾ ಎದೆಗೆ ಸೆರಗು ಹೊದ್ದು ಹಿಂಬಾಗಿಲಿನಿಂದ ಹೊರಟವಳು ಮನೆ ತಲುಪಿದ ಮೇಲೆಯೇ ಉಸಿರು ಬಿಟ್ಟದ್ದು. ಅಡುಗೆಯವನ ಪರವಾಗಿ ಒಂದು ಮಾತು ಹೇಳಲಾಗಲಿಲ್ಲವಲ್ಲ ಎಂಬ ಸಂಕಟ ಬೇರೆ.

ಮುಂದೆ ಈ ಕಥೆಯನ್ನು ಅವಳೇ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಆದರೆ ಆ ದಿನದಿಂದ ಯಾರನ್ನೂ ಎದುರಿನಿಂದ ಅಪ್ಪಲಿಲ್ಲ. ಎಡಭುಜ ಮುಂದೆ ಮಾಡಿ, ಬಸ್ಸಿನಲ್ಲಿ ಜಾಗ ಮಾಡಿಕೊಳ್ಳುವವಳ ಹಾಗೆ ಓರೆಯಾಗಿ ನಿಲ್ಲುವುದನ್ನು ಕಲಿತಳು. ಗಂಡ ಫೌಸ್ಟಿನ್ ಬಹರೈನಿನ ಕೆಲಸ ಬಿಟ್ಟು ಆ ಕ್ರಿಸ್ಮಸ್ಸಿಗೆ ಶಾಶ್ವತವಾಗಿ ಊರಿಗೆ ಬಂದಾಗ, ಅಂಗಳದಲ್ಲಿ ಅವನಿಗೂ ಸಿಕ್ಕಿದ್ದು ಭುಜವೇ. ಅವನು ಏನೂ ಕೇಳಲಿಲ್ಲ. ಕೇಳದೆ ಇದ್ದದ್ದು ಬರ್ತಾಳಿಗೆ ಇನ್ನಷ್ಟು ನೋವಾಯಿತು.

ಅಷ್ಟರಲ್ಲಿ ಮಗಳು ರೇಚಲ್‌ಗೆ ಸಂಬಂಧ ಕುದುರಿತು. ಹುಡುಗ ಕಾರ್ಕಳದ ಡೆನ್ವರ್, ಮದುವೆ ನವೆಂಬರಿನಲ್ಲಿ. ಒಬ್ಬಳೇ ಮಗಳ ಒಪ್ಸುಣಿಯಲ್ಲಿ ಭುಜ ಕೊಟ್ಟು ಕಳಿಸುವುದೇ? ಬರ್ತಾ ಆಗಲೇ ನಿರ್ಧರಿಸಿದಳು. ತಪಾಸಣೆಗೆ ಹೋದಾಗ ಕ್ಯಾನ್ಸರ್ ಡಾಕ್ಟರು, ಈಗ ಹೊಟ್ಟೆಯ ಚರ್ಮ, ಕೊಬ್ಬು, ಒಂದು ಪಟ್ಟಿ ಸ್ನಾಯು ಸೇರಿಸಿ ಒಳಗಿನಿಂದಲೇ ಮೇಲಕ್ಕೆ ಸರಿಸಿ ಮೊಲೆ ಕಟ್ಟುತ್ತಾರೆ ಎಂದು ಹೇಳಿದ್ದರು. ಹಾಗೆಯೇ ಅವಳು ಸಂಗಮೇಶರ ಪರದೆಯ ಹಿಂದೆ ಬಂದು ನಿಂತದ್ದು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಅವಳ ಮಟ್ಟಿಗೆ ಅಂದೇ ಸುಳ್ಳಾಯಿತು. ಈಸ್ಟರ್ ಕಳೆದ ಕೂಡಲೇ ಆಪರೇಶನ್ ಎಂದು ನಿಶ್ಚಯವಾಯಿತು.

ಮನೆಯಲ್ಲಿ ಝೀಟಾ ಬಾಯಿ ಮಾತ್ರ ಒಪ್ಪಲಿಲ್ಲ. ಎಂಬತ್ತೊಂದರ ಆ ಮುದುಕಿಯ ಬೆನ್ನು ಇನ್ನೂ ಕೋಲಿನಷ್ಟು ನೆಟ್ಟಗಿತ್ತು, ಮಾತು ಅದಕ್ಕಿಂತ ನೆಟ್ಟಗೆ. ಈ ಪ್ರಾಯದಲ್ಲಿ ಯಾರಿಗೆ ತೋರಿಸಲಿಕ್ಕುಂಟು, ಗುಣವಾದ ಮೈಗೆ ಮತ್ತೆ ಕತ್ತಿ ಯಾಕೆ ಎಂದು ಬಾಳೆನಾರು ಸೀಳುತ್ತಾ ಎರಡು ದಿನ ಗೊಣಗಿದರು. ಬರ್ತಾ ಮೊಗ್ಗು ಕಟ್ಟುತ್ತಲೇ ಇದ್ದಳು. ಆದರೆ ಮುದುಕಿಯ ಮಾತು ಮನಸ್ಸಿನಲ್ಲಿ ಕೂತು ಕೊರೆಯಿತು. ನಿಜಕ್ಕೂ ಏನಾದರೂ ಹೆಚ್ಚುಕಡಿಮೆ ಆದರೆ?

ಹೆದರಿಕೆ ಬಂದಾಗ ಆ ಸೀಮೆಯ ಕ್ರೈಸ್ತರು ನೆನೆಯುವುದು ಕಾರ್ಕಳದ ಹತ್ತಿರವಿರುವ ಅತ್ತೂರಿನ ಸಂತ ಲಾರೆನ್ಸರನ್ನು. ಬರ್ತಾ ಮೊಂಬತ್ತಿ ಹಚ್ಚಿ, ಮೊಣಕಾಲೂರಿ, ಒಂದು ಹರಕೆ ಹೊತ್ತಳು. ಆಪರೇಶನ್ ಸುಸೂತ್ರವಾಗಿ ಮುಗಿಯುವ ತನಕ ದಿನಕ್ಕೆ ಒಂದೇ ಹೊತ್ತು ಗಂಜಿ. ಮೀನು ಇಲ್ಲ, ಮಾಂಸ ಇಲ್ಲ, ತೆಂಗಿನಕಾಯಿ ಇಲ್ಲ, ಸಕ್ಕರೆ ಇಲ್ಲ. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಅದರ ಬಲ ಹೋಗುತ್ತದೆ ಎಂದು ಅವಳ ತಾಯಿ ಹೇಳಿದ್ದಳು, ಆದ್ದರಿಂದ ಯಾರಿಗೂ ಹೇಳಲಿಲ್ಲ. ಹೇಗೂ ತಪಸ್ಸು ಕಾಲ ಶುರುವಾಗಿತ್ತು, ಈಸ್ಟರಿನ ತನಕ ಮನೆಯವರೆಲ್ಲ ಸ್ವಲ್ಪ ಉಪವಾಸದಲ್ಲೇ ಇದ್ದರು. ಡಾಕ್ಟರು ಹೊಟ್ಟೆ ಇಟ್ಟುಕೊಂಡು ಬನ್ನಿ ಅಂದದ್ದು ಅವಳಿಗೆ ನೆನಪಿರಲಿಲ್ಲವೆಂದಲ್ಲ. ಮೂವತ್ತು ವರ್ಷ ಬೈದರೂ ಕರಗದ್ದು ಈಗ ಒಂದು ಗಂಜಿಗೆ ಕರಗೀತೇ ಎಂದು ಧೈರ್ಯ.

ಕರಗಿತು. ಮದ್ದು ಹೊಕ್ಕು ಹೊರಟ ಶರೀರಕ್ಕೆ ಹಳೆಯ ಹಟ ಉಳಿದಿರಲಿಲ್ಲವೋ, ಲಾರೆನ್ಸರು ಈ ಸಲ ಬಹಳ ಗಮನ ಕೊಟ್ಟರೋ, ಈಸ್ಟರಿಗೆ ವಾರ ಮೊದಲಿನ ಗರಿಗಳ ಭಾನುವಾರದ ಹೊತ್ತಿಗೆ ಬರ್ತಾಳ ಲಂಗದ ಲಾಡಿ ಎರಡು ಸುತ್ತು ಬರುತ್ತಿತ್ತು. ಅವಳಿಗೆ ಒಳಗೊಳಗೆ ಹೆಮ್ಮೆ. ಮನೆಯವರಿಗೆ ಮಾತ್ರ ಜೀವ ಬಾಯಿಗೆ ಬಂದಿತ್ತು. ಕ್ಯಾನ್ಸರ್ ಬಂದವರು ಇಳಿದುಹೋದರೆ ಮನೆಯವರ ತಲೆಗೆ ಬರುವ ಯೋಚನೆ ಒಂದೇ. ಫೌಸ್ಟಿನ್ ಬಾಯಿ ತೆರೆಯಲಾರದೆ ಅಂಗಳದಲ್ಲಿ ಸುಮ್ಮನೆ ಸ್ಕೂಟರ್ ಒರೆಸುತ್ತಿದ್ದ. ರೇಚಲ್ ಉಡುಪಿಯ ಕನ್ನಡಕದ ಅಂಗಡಿಯಲ್ಲಿ ಕೆಲಸದ ನಡುವೆ ಎರಡೆರಡು ಸಲ ಮನೆಗೆ ಫೋನ್ ಮಾಡುತ್ತಿದ್ದಳು. ಝೀಟಾ ಬಾಯಿ ತಮ್ಮ ಪಾಲಿನ ಬೇಯಿಸಿದ ಮೊಟ್ಟೆಯನ್ನು ಸೊಸೆಯ ತಟ್ಟೆಗೆ ಜಾರಿಸಿ, ಅದು ಹಾಗೆಯೇ ವಾಪಸು ಬಂದಾಗ ಎದ್ದು ಹೋಗಿ ಬಾವಿಕಟ್ಟೆಯ ಹತ್ತಿರ ಮೂಗು ಒರೆಸಿಕೊಂಡರು. ಕಾರಣ ತಾನೆಂದು ಬರ್ತಾಳಿಗೆ ಗೊತ್ತೇ ಆಗಲಿಲ್ಲ.

ಈಸ್ಟರ್ ಮುಗಿದ ವಾರ ಮಣಿಪಾಲಕ್ಕೆ ಹೊರಟಾಗ ಮನೆಮಂದಿಯೆಲ್ಲ ಜೊತೆಗೆ ಬಂದರು. ಸಂಗಮೇಶರು ಪರದೆ ಸರಿಸಿ ಒಳಗೆ ಬಂದವರು ಹಿಡಿಯಲು ಚಾಚಿದ ಕೈಯನ್ನು ಹಾಗೆಯೇ ನಿಲ್ಲಿಸಿದರು.

"ಹೊಟ್ಟಿ ಎಲ್ಲಿ ಹೋತ್ರಿ?"

ಅವರ ಮುಖ ಗಂಭೀರವಾಯಿತು. ತೂಕ ನೋಡಿಸಿದರು, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಂದು ಬರೆಯತೊಡಗಿದರು. ಹೊರಗೆ ಬೆಂಚಿನ ಮೇಲೆ ರೇಚಲ್ ಬಿಕ್ಕುವುದು ಕೇಳಿಸಿತು. ಆಗ ಬರ್ತಾಳಿಗೆ ಎಲ್ಲ ಒಟ್ಟಿಗೆ ತಿಳಿಯಿತು. ಮೊಟ್ಟೆ ತಿಳಿಯಿತು, ಸ್ಕೂಟರ್ ತಿಳಿಯಿತು, ಫೋನು ತಿಳಿಯಿತು. ಹರಕೆಯ ಬಲ ಹೋದರೆ ಹೋಗಲಿ ಎಂದು, ಬರೆಯುತ್ತಿದ್ದ ಡಾಕ್ಟರ ಕೈ ಹಿಡಿದು ನಿಲ್ಲಿಸಿ ಎಲ್ಲವನ್ನೂ ಹೇಳಿದಳು.

ಸಂಗಮೇಶರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ನಗುವಿಗೋ ಸಮಾಧಾನಕ್ಕೋ ಹೇಳುವುದು ಕಷ್ಟ.

"ಎಲ್ಲಾ ದೇವರಿಗೆ ಕೊಟ್ರಿ. ನನಗ ಏನ್ ಉಳಿಸಿದ್ರಿ?" ಅಂದರು.

ಆದರೂ ಪರೀಕ್ಷೆಗಳನ್ನು ಮಾಡಿಸಿಯೇ ಬಿಟ್ಟರು. ರೋಗದ ಸುಳಿವೂ ಇರಲಿಲ್ಲ. ಸುಟ್ಟ ಚರ್ಮದ ಅಡಿಯಲ್ಲಿ ಸಿಲಿಕಾನ್ ಇಟ್ಟರೆ ನಿಲ್ಲುವುದು ಕಷ್ಟ, ಹೊಟ್ಟೆಯೇ ಬೇಕು ಎಂದು ವಿವರಿಸಿದರು. ಜುಲೈ ಮೊದಲ ವಾರದೊಳಗೆ ಹಳೆಯ ಹೊಟ್ಟೆಯೊಂದಿಗೆ ಬಂದರೆ ಮದುವೆಯ ಹೊತ್ತಿಗೆ ನೆಟ್ಟಗೆ ನಿಲ್ಲಬಹುದು. ಇಲ್ಲವಾದರೆ ಮದುವೆ ಕಳೆದ ಮೇಲೆಯೇ.

ಹಾಗಾದರೆ ತಿನ್ನಬೇಕು, ಅಷ್ಟೇ ತಾನೆ? ಅಷ್ಟು ಸುಲಭವಿರಲಿಲ್ಲ. ಹರಕೆ ಹೊತ್ತದ್ದು ಈಸ್ಟರಿನ ತನಕ ಅಲ್ಲ, ಆಪರೇಶನ್ ಮುಗಿಯುವ ತನಕ. ಆಪರೇಶನ್ ಆಗದೆ ತಿನ್ನುವಂತಿಲ್ಲ, ತಿನ್ನದೆ ಆಪರೇಶನ್ ಆಗುವಂತಿಲ್ಲ. ಬರ್ತಾ ತನ್ನ ಕಾಲಿಗೆ ತಾನೇ ಹಗ್ಗ ಕಟ್ಟಿಕೊಂಡು ಸಂತರ ಕೈಗೆ ತುದಿ ಕೊಟ್ಟಿದ್ದಳು. ಫೌಸ್ಟಿನ್, ಅವರೇನು ಲೆಕ್ಕ ಇಡುತ್ತಾರಾ, ತಿಂದುಬಿಡು ಎಂದು ಪಿಸುಗುಟ್ಟಿದ. ಬರ್ತಾ ಅವನನ್ನು ನೋಡಿದ ನೋಟಕ್ಕೆ ಅವನು ಮತ್ತೆ ಆ ಮಾತೆತ್ತಲಿಲ್ಲ. ಮಾರನೆಯ ದಿನವೇ ಝೀಟಾ ಬಾಯಿ ಇಗರ್ಜಿಯ ಸೀರೆ ಉಟ್ಟು ಬಾಗಿಲಲ್ಲಿ ನಿಂತರು. ಅತ್ತೆ, ಮಗ, ಸೊಸೆ ಮೂವರೂ ಕಾರ್ಕಳದ ಬಸ್ಸು ಹತ್ತಿದರು.

ಅತ್ತೂರಿನಲ್ಲಿ ಅಂದು ಇದ್ದ ವಯಸ್ಸಾದ ಪಾದ್ರಿಯವರು ಜಗಲಿಯಲ್ಲಿ ಕೂತು ಪೂರ್ತಿ ಕೇಳಿದರು. ನಗಲಿಲ್ಲ. ನಗದೆ ಇರಲು ಅವರು ಪಟ್ಟ ಕಷ್ಟ ಮಾತ್ರ ಕಾಣುತ್ತಿತ್ತು.

"ಬಾಯಿ, ಲಾರೆನ್ಸರು ಅಡುಗೆಯವರ ಸಂತರು ಅಲ್ವಾ? ಅವರಿಗೆ ಹೋಗಿ ಯಾರಾದರೂ ಉಪವಾಸದ ಹರಕೆ ಹೊರುತ್ತಾರಾ?" ಎಂದು ಕೇಳಿದರು.

ಬರ್ತಾಳಿಗೆ ಆ ಸಂಗತಿ ಹೊಳೆದೇ ಇರಲಿಲ್ಲ. ಪಾದ್ರಿಯವರು, ಹರಕೆಯನ್ನು ಬದಲಿಸಿ ಕೊಡುವ ಅಧಿಕಾರ ತಮಗುಂಟು ಎಂದರು. ಗಂಜಿಯ ಬದಲಿಗೆ ಪ್ರತಿ ಶನಿವಾರ ಅವಳೇ ಕಟ್ಟಿದ ಒಂದು ಚೆಂಡು ಮಲ್ಲಿಗೆ ಸಂತರ ಪೀಠಕ್ಕೆ ಬರಬೇಕು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಝೀಟಾ ಬಾಯಿಯ ಮುಖ ನೋಡಿ ಅವರಿಗೆ ಏನನ್ನಿಸಿತೋ, ಇನ್ನೊಂದನ್ನು ಸೇರಿಸಿದರು. ಆಪರೇಶನ್ ಆಗುವ ತನಕ ಯಾರು ಏನು ಬಡಿಸಿದರೂ ಬೇಡ ಎನ್ನಕೂಡದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ಪೂಜಾರಿಯೇ ಎರಡು ಕೈಯಿಂದ ಕೊಟ್ಟುಬಿಟ್ಟರು.

ಈ ಷರತ್ತು ಶಂಕರಪುರಕ್ಕೆ ತಲುಪಲು ಸಂಜೆಯ ತನಕವೂ ಬೇಕಾಗಲಿಲ್ಲ. ಝೀಟಾ ಬಾಯಿಯೇ ಬಸ್ಸಿನಲ್ಲಿ ಹೇಳಿಕೊಂಡು ಬಂದಿದ್ದರು. ಮರುದಿನದಿಂದ ಅಡುಗೆಮನೆ ಅವರ ಕೈಗೆ ಹೋಯಿತು. ಗಂಜಿಗೆ ತೆಂಗಿನ ಹಾಲು ಬಿತ್ತು. ಫೌಸ್ಟಿನ್ ಬೆಳಗಾದರೆ ಸ್ಕೂಟರಿನಲ್ಲಿ ಕಾಪುವಿಗೆ ಹೋಗಿ ಕಣ್ಣು ಮಿಣುಗುವ ಬಂಗುಡೆ ಮೀನು ತಂದ. ಭಾನುವಾರ ಹಂದಿಮಾಂಸದ ಖಾರದ ಬಫಾತ್, ಅದಕ್ಕೆ ಇಡ್ಲಿಯಂಥ ಸನ್ನಣ. ರೇಚಲ್ ಉಡುಪಿಯಿಂದ ಮಸಾಲೆದೋಸೆ ಪಾರ್ಸೆಲ್ ತಂದಳು. ಹೂವಿನ ಏಜೆಂಟ್ ನಾಲ್ಕು ಚೆಂಡಿನ ಮಲ್ಲಿಗೆ ಅಟ್ಟೆ ಎಣಿಸಿಕೊಳ್ಳಲು ಬಂದಾಗ ಬಿಸಿ ಗೋಳಿಬಜೆಯ ಪೊಟ್ಟಣ ಹಿಡಿದು ಬಂದ. ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದು ಮೊಗ್ಗು ಕೊಯ್ದು ಕೊಡುತ್ತಿದ್ದ ಗದಗದ ಭಾಗವ್ವ, ತುಪ್ಪ ಸೋರುವ ಶೇಂಗಾ ಹೋಳಿಗೆ ತಂದು ಮುಂದಿಟ್ಟು, "ಬ್ಯಾಡ ಅನ್ನಂಗಿಲ್ಲಂತಲ್ರಿ ಬಾಯಾರ," ಎಂದು ಕೂತೇ ತಿನ್ನಿಸಿದಳು. ಬರ್ತಾ ತೇಗಿದಳು, ಬೆವರಿದಳು, ಕಣ್ಣಲ್ಲಿ ನೀರು ತಂದುಕೊಂಡಳು, ಆದರೆ ಬೇಡ ಎನ್ನಲಿಲ್ಲ. ಕೊಟ್ಟ ಮಾತಿಗೆ ತಪ್ಪುವವಳಲ್ಲ ಎಂಬುದೇ ಅವಳ ಕಷ್ಟ.

ತಿಂದದ್ದೆಲ್ಲ ಹೊಟ್ಟೆಗೇ ಹೋಗಬೇಕೆಂದು ಕಾಯಿದೆ ಏನಿಲ್ಲ. ಕೆನ್ನೆಗೆ ಹೋಗಬಹುದು, ತೋಳಿಗೆ ಹೋಗಬಹುದು. ಆದರೆ ಬರ್ತಾಳ ಕೊಬ್ಬು ಹಳೆಯ ವಿಳಾಸ ಮರೆತಿರಲಿಲ್ಲ. ಜೂನ್ ಕೊನೆಗೆ ಲಂಗದ ಲಾಡಿ ಮೊದಲಿನ ಗಂಟಿಗೆ ಬಂತು. ಮಳೆಗಾಲಕ್ಕೆ ಮಲ್ಲಿಗೆಯೂ ಇಳುವರಿ ಕಮ್ಮಿ ಮಾಡಿ ಅವಳನ್ನು ಆಸ್ಪತ್ರೆಗೆ ಬಿಟ್ಟುಕೊಟ್ಟಿತು. ಸಂಗಮೇಶರು ಹೊಟ್ಟೆಯನ್ನು ಹಿಡಿದು ನೋಡಿ, "ಬಂತು ನೋಡ್ರಿ ನಮ್ಮ ಸಾಮಾನು," ಅಂದರು.

ಆಪರೇಶನ್ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನ ದಾಟಿತು. ಫೌಸ್ಟಿನ್ ಹೊರಗೆ ಜಪಮಾಲೆ ಹಿಡಿದು ಒಂದೇ ಮಣಿಯ ಮೇಲೆ ಕೂತಿದ್ದ. ಎಚ್ಚರವಾದ ಮೇಲೆ ಬರ್ತಾಳಿಗೆ ಹೊಟ್ಟೆಯ ಮೇಲೆ ಅಡ್ಡಲಾಗಿ ಸೊಂಟದಿಂದ ಸೊಂಟಕ್ಕೆ ಬೆಂಕಿ ಇಟ್ಟ ಹಾಗೆ ನೋವು, ಎರಡು ಕಡೆ ಕೊಳವೆಗಳು. ನರ್ಸ್ ಪ್ಯಾಟ್ರಿಶಿಯಾ ಆಗಾಗ ಬಂದು ಹೊಸ ಚರ್ಮವನ್ನು ಬೆರಳಿಂದ ಒತ್ತಿ, ಬಣ್ಣ ಮರಳುವುದನ್ನು ನೋಡಿ ಹೋಗುತ್ತಿದ್ದಳು. ಅದಕ್ಕೆ ರಕ್ತ ಹರಿಯಬೇಕು, ಇಲ್ಲವಾದರೆ ಎಲ್ಲ ವ್ಯರ್ಥ. ಮಲ್ಲಿಗೆಯ ಗೆಲ್ಲು ನೆಟ್ಟವಳಿಗೆ ಈ ಕಾಯುವಿಕೆ ಹೊಸದಲ್ಲ. ಬೇರು ಹಿಡಿಯಿತೋ ಇಲ್ಲವೋ ಎಂದು ಕಿತ್ತು ನೋಡುವಂತಿಲ್ಲ, ನೀರು ಹಾಕಿ ಸುಮ್ಮನಿರಬೇಕು. ಮೂರನೆಯ ದಿನ ಸಂಗಮೇಶರು ಒತ್ತಿ ನೋಡಿ, ಹಿಡಿಯಿತು ಎಂದರು. ಅವಳು ದೇವರನ್ನು, ಡಾಕ್ಟರನ್ನು, ಹೋಳಿಗೆಯನ್ನು ಒಟ್ಟಿಗೇ ನೆನೆದಳು.

ಮನೆಗೆ ಬಂದ ಮೇಲೆ ಕೆಲವು ವಾರ ಅವಳು ಬಿದ್ದ ಸೂಜಿ ಹುಡುಕುವವಳ ಹಾಗೆ ಬಗ್ಗಿಯೇ ನಡೆದಳು. ಹೊಟ್ಟೆಯ ಚರ್ಮ ಬಿಗಿದು ನೆಟ್ಟಗೆ ನಿಲ್ಲಲು ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಝೀಟಾ ಬಾಯಿ ಕೋಲಿನ ಹಾಗೆ ನಡೆಯುತ್ತಾ, ಈಗ ನೋಡಿದವರು ಯಾರು ಅತ್ತೆ ಯಾರು ಸೊಸೆ ಅಂತ ಕೇಳಬೇಕು ಎಂದು ಖುಷಿಪಟ್ಟರು. ಬರ್ತಾ ನಗಲು ಹೋಗಿ, ನಕ್ಕರೆ ಹೊಲಿಗೆ ಎಳೆಯುತ್ತದೆಂದು ದಿಂಬು ಅವುಚಿಕೊಂಡು ಬೈದಳು.

ಒಂದು ಮಧ್ಯಾಹ್ನ ಮಾತ್ರ ಅವಳಿಗೆ ನಗು ಬರಲಿಲ್ಲ. ಬಚ್ಚಲಲ್ಲಿ ಮೊದಲ ಸಲ ಪೂರ್ತಿ ಸ್ನಾನ, ಅತ್ತೆ ನೀರು ಹೊಯ್ಯುತ್ತಿದ್ದರು. ಬರ್ತಾ ಹೊಸ ಮೊಲೆಯನ್ನು ಮುಟ್ಟಿ ನೋಡಿಕೊಂಡಳು. ಬೆರಳಿಗೆ ಅದು ಗೊತ್ತಾಯಿತು, ಅದಕ್ಕೆ ಬೆರಳು ಗೊತ್ತಾಗಲಿಲ್ಲ. ಸ್ಪರ್ಶ ಹೆಚ್ಚು ಬರುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ಹೇಳಿದ್ದು ಬೇರೆ, ಮುಟ್ಟಿದ್ದು ಬೇರೆ. ಇಷ್ಟೆಲ್ಲ ಮಾಡಿದ್ದು ಈ ಮರಗಟ್ಟಿದ್ದಕ್ಕಾ ಎಂದು ಅವಳಿಗೆ ಅಳು ಬಂತು.

ಝೀಟಾ ಬಾಯಿ ಚೊಂಬು ಕೆಳಗಿಟ್ಟರು. ಗಾಯದ ಗುರುತು, ಹೊಸ ಉಬ್ಬು ಎಲ್ಲವನ್ನೂ ನಾಚದೆ ನೋಡಿದರು.

"ಚಂದ ಉಂಟು," ಅಂದರು. "ನಾನು ಬೇಡ ಅಂದದ್ದು ಎಂತಕ್ಕೆ ಗೊತ್ತುಂಟಾ? ನೀನು ಮತ್ತೆ ಮಲಗಿದರೆ ನನಗೆ ತಡೆಯುವುದಿಲ್ಲ ಅಂತ. ನಾನು ಮೊದಲು ಹೋಗಬೇಕಾದವಳು."

ಮೂವತ್ತು ವರ್ಷದಲ್ಲಿ ಅತ್ತೆಯ ಬಾಯಿಂದ ಅಂಥ ಮಾತು ಬಂದಿರಲಿಲ್ಲ. ಬರ್ತಾ ಒದ್ದೆ ಕೈಯಲ್ಲಿ ಮುದುಕಿಯ ಕೈ ಹಿಡಿದುಕೊಂಡಳು. ನೀರು ತಣ್ಣಗಾಗುತ್ತದೆ ಎಂದು ಝೀಟಾ ಬಾಯಿ ಗದರಿ ಮತ್ತೆ ಚೊಂಬು ಎತ್ತಿದರು.

ಅಕ್ಟೋಬರಿಗೆ ಬೆನ್ನು ನೆಟ್ಟಗಾಯಿತು. ರವಕೆಯ ಅಳತೆಗೆ ಹೋದಾಗ ಟೈಲರ್, ಎರಡೂ ಕೈ ಎತ್ತಿರಿ ಎಂದ, ಅವಳು ಎತ್ತಿದಳು, ಏನೂ ಗಂಟಲಿಗೆ ಹತ್ತಲಿಲ್ಲ. ಹೊಟ್ಟೆಯ ಸುತ್ತಳತೆ ಬರೆದುಕೊಳ್ಳುವಾಗ ಅವನು ಟೇಪನ್ನು ಎರಡು ಸಲ ನೋಡಿದ. ಮನೆಗೆ ಬಂದು ಬರ್ತಾ, ಆ ಮದುವೆಯ ಮೇಲೆ ಮತ್ತೆ ಹೊಲಿದು ತುಂಬಿಸಿಕೊಂಡಿದ್ದ ಸಾಸಿವೆಯ ಚೀಲವನ್ನು ಕೋಳಿಗಳ ಮುಂದೆ ಸುರಿದಳು. ಕೋಳಿಗಳು ಕೆದಕಿ ನೋಡಿ ಹೋದವು.

ನವೆಂಬರಿನಲ್ಲಿ ಮದುವೆಯಾಯಿತು. ಊಟವಾಯಿತು, ಬ್ಯಾಂಡ್ ಆಯಿತು, ಸಂಜೆ ಒಪ್ಸುಣಿಯ ಹೊತ್ತು ಬಂತು. ಗಂಡಿನ ಕಡೆಯ ಹಿರಿಯರು ಒಂದು ಸಾಲಿನಲ್ಲಿ, ಹೆಣ್ಣಿನ ಕಡೆಯವರು ಎದುರು ಸಾಲಿನಲ್ಲಿ ನಿಂತರು. ಅಡುಗೆಯವನು ಹಳೆಯ ಮದುವೆಯವನೇ. ಬೆಳಿಗ್ಗೆಯೇ ಬರ್ತಾ ಅವನನ್ನು ಕರೆದು, ಅಂದು ಸಾಸಿವೆ ಚೆಲ್ಲಿದ್ದು ತಾನು ಎಂದು ಹೇಳಿ ಅವನನ್ನು ತಬ್ಬಿಬ್ಬು ಮಾಡಿದ್ದಳು.

ಆ ಮನೆಯಲ್ಲಿ ದಿನಾ ಅಪ್ಪಿಕೊಳ್ಳುವ ರೂಢಿ ಇರಲಿಲ್ಲ. ಊರು ಬಿಡುವಾಗ, ಊರಿಗೆ ಬಂದಾಗ, ಹಬ್ಬಕ್ಕೆ, ಮದುವೆಗೆ, ಅಷ್ಟೇ. ಆದ್ದರಿಂದ ಆಪರೇಶನ್ ಆದ ಮೇಲೆ ಇದೇ ಮೊದಲು. ಕೆಂಪು ಸೀರೆಯ ರೇಚಲ್ ಕಣ್ಣು ತುಂಬಿಕೊಂಡು ತಾಯಿಯ ಹತ್ತಿರ ಬಂದಳು. ಬಂದವಳು ತನಗೇ ಗೊತ್ತಿಲ್ಲದೆ ಓರೆಯಾಗಿ ತಿರುಗಿ ಭುಜ ಮುಂದೆ ಕೊಟ್ಟಳು.

ಮಗಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಮ್ಮನಿಗೆ ಮುಜುಗರವಾಗಬಾರದೆಂದು ಇಷ್ಟು ಕಾಲ ಒಂದು ಮಾತೂ ಆಡದೆ ತಾನೇ ಕಲಿತುಕೊಂಡಿದ್ದಳು. ಬರ್ತಾ ಮಗಳ ಎರಡೂ ಭುಜ ಹಿಡಿದು ತನ್ನ ಕಡೆಗೆ ತಿರುಗಿಸಿದಳು.

"ಹಾಗಲ್ಲ, ಬಾಳಾ, ನನ್ನ ಮಗಳೇ. ಎದುರು ನಿಲ್ಲು," ಅಂದಳು.

ಆಮೇಲೆ ಅಪ್ಪಿದಳು, ಹಿಂದೆ ಅಪ್ಪುತ್ತಿದ್ದ ಹಾಗೆ, ಅರ್ಧವಿಲ್ಲದೆ. ಹೊಸ ಮೊಲೆಯ ಚರ್ಮಕ್ಕೆ ಏನೂ ತಿಳಿಯಲಿಲ್ಲ. ಆದರೆ ಅದರ ಹಿಂದಿನ ಎಲುಬಿಗೆ ಮಗಳ ಎದೆ ಡಬಡಬ ಹೊಡೆದುಕೊಳ್ಳುವುದು ಸರಿಯಾಗಿ ತಿಳಿಯಿತು. ರೇಚಲ್ ಮೊದಲು ಗಟ್ಟಿಯಾಗಿ ನಿಂತವಳು ಆಮೇಲೆ ಚಿಕ್ಕವಳಾಗಿ ಕುಸಿದು ಅತ್ತಳು. ಪಕ್ಕದಲ್ಲಿ ಫೌಸ್ಟಿನ್ ತನ್ನ ಸರದಿಗೆ ಕಾಯುವವನ ಹಾಗೆ ಕೋಟಿನ ಗುಂಡಿ ಹಾಕಿ ತೆಗೆದು ಮಾಡುತ್ತಿದ್ದ.

ಗಂಡಿನ ಕಡೆಯ ಹಿರಿಯರು ಭಾಷಣ ಶುರುಮಾಡಲೆಂದು ಕೆಮ್ಮಿದರು. ಸ್ವಲ್ಪ ಕಾದು ಮತ್ತೊಮ್ಮೆ ಕೆಮ್ಮಿದರು. ಝೀಟಾ ಬಾಯಿ ಅವರ ಕಡೆ ನೋಡಿ, ನಾವು ಎರಡು ವರ್ಷ ಕಾದಿದ್ದೇವೆ, ನೀವು ಐದು ನಿಮಿಷ ಕಾಯಿರಿ ಎಂದರು.

ಬಾಗಿಲಲ್ಲಿ ನಿಂತಿದ್ದ ಅಡುಗೆಯವನು ಮಾತ್ರ ನೆಲ ನೋಡುತ್ತಿದ್ದ. ಒಂದು ಕಾಳೂ ಬೀಳಲಿಲ್ಲ.